ಒಂಬತ್ತು ಸಾಹೇಬರ ಒಂದು ಮನೆ

ಗೋಕಾಕದಲ್ಲಿ ನನ್ನದೊಂದು ಎರಡಂತಸ್ತಿನ ಕಟ್ಟಡವಿದೆ. ಕೆಳಗೆ ನನ್ನ ಗಾಡಿ ನಿಲ್ಲುತ್ತದೆ, ಮೇಲೆ ಒಂದು ಉದ್ದನೆಯ ಖೋಲಿ. ಆ ಖೋಲಿಯಲ್ಲಿ ಮೂರು ತಿಂಗಳು ಒಂದು ವಿಶ್ವವಿದ್ಯಾಲಯದ ಒಂಬತ್ತು ಮಂದಿ ನೌಕರರು ತಮ್ಮ ತಮ್ಮ ಮನೆಯಿಂದ ಕೆಲಸ ಮಾಡಿದರು. ಅವರಲ್ಲಿ ಒಬ್ಬರ ಮನೆಯೂ ಅದಲ್ಲ. ಇದನ್ನು ಕೇಳಿದವರು ನನಗೇ ತಲೆ ಕೆಟ್ಟಿದೆ ಅನ್ನುತ್ತಾರೆ. ನನಗೆ ಕೆಟ್ಟಿಲ್ಲ. ಯಾರಿಗೆ ಕೆಟ್ಟಿತ್ತು ಅನ್ನುವುದನ್ನು ಬರೆಯಲಿಕ್ಕೇ ಕೂತಿದ್ದೇನೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ದನದ ಸಂತೆಯಲ್ಲಿ. ಅಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಬಾಯಿ ಒಂದು ಹೇಳುತ್ತಿರುತ್ತದೆ, ಬೆರಳು ಇನ್ನೊಂದು. ಹತ್ತು ವರ್ಷ ಆ ಬೆರಳು ಹಿಡಿದವನಿಗೆ ಮನುಷ್ಯ ಏನು ಕೇಳುತ್ತಾನೆ ಅನ್ನುವುದಕ್ಕಿಂತ ಅವನಿಗೆ ಏನು ಬೇಕಾಗಿದೆ ಅನ್ನುವುದು ಬೇಗ ತಿಳಿಯುತ್ತದೆ. ನೀವು ಯಾವ ವ್ಯವಹಾರಕ್ಕೇ ಇಳಿಯಿರಿ, ಎದುರಿನವನ ಬಾಯಿ ಕೇಳಬೇಡಿರಿ, ಬೆರಳು ನೋಡಿರಿ. ಈ ಒಂದು ಮಾತಿನ ಮೇಲೆ ನಾನು ಗಾಡಿ ತಗೊಂಡೆ, ಕಟ್ಟಡ ಕಟ್ಟಿದೆ.

ಆ ಗಾಡಿಯಲ್ಲಿ ಹನ್ನೆರಡು ವರ್ಷ ವಿಶ್ವವಿದ್ಯಾಲಯದ ಮಂದಿಯನ್ನು ಹೊತ್ತಿದ್ದೇನೆ. ಮುಂಜಾನೆ ಮೂಡಲಗಿಯಲ್ಲಿ ನಾಲ್ಕು ಮಂದಿ, ಗೋಕಾಕದಲ್ಲಿ ನಾಲ್ಕು, ಹುಕ್ಕೇರಿಯಲ್ಲಿ ಇಬ್ಬರು. ಹುಕ್ಕೇರಿ ದಾಟಿ ಇನ್ನೂ ಒಂದಿಷ್ಟು ಹಾದಿ. ಒಟ್ಟು ಹತ್ತು ಮಂದಿ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಉಳಿದ ವಿಶ್ವವಿದ್ಯಾಲಯದವರು, "ನಾವಲ್ಲ ಬಿಡ್ರಿ" ಎಂದು ನಿರುಮ್ಮಳ ಆಗಿಬಿಡುತ್ತಾರೆ.

ಗಾಡಿಯಲ್ಲಿ ಸೀಟು ಸಿಗುತ್ತಿದ್ದದ್ದು ಹುದ್ದೆಯ ಪ್ರಕಾರ. ಮುಂದಿನ ಸೀಟಿನಲ್ಲಿ ಇಬ್ಬರು ಕೂಡಬಹುದು. ಅಲ್ಲಿ ಮೂಡಲಗಿಯ ಅಧೀಕ್ಷಕರು ಮತ್ತು ಅವರ ಬ್ಯಾಗು ಕೂಡುತ್ತಿದ್ದರು. ನಡುವಿನ ಸಾಲಿನಲ್ಲಿ ಗೋಕಾಕದ ಪ್ರಾಧ್ಯಾಪಕರು ಮತ್ತು ಅವರಷ್ಟೇ ತೂಕದವರು. ಹಿಂದೆ, ಗಾಲಿಯ ಮೇಲೆ ಬರುವ ಅಡ್ಡ ಬೆಂಚಿನಲ್ಲಿ ಕಿರಿಯರು. ಎಲ್ಲರಿಗಿಂತ ಕಿರಿಯ ಅಂದರೆ ಹುಕ್ಕೇರಿಯ ಪರೀಕ್ಷಾ ವಿಭಾಗದ ಹೆಣ್ಣುಮಗಳು. ಕಡೆಗೆ ಹತ್ತುತ್ತಿದ್ದಳು, ಕಡೆಯ ತುದಿಗೆ ಕೂಡುತ್ತಿದ್ದಳು. ಹಾದಿಯ ಒಂದೊಂದು ಕುಣಿಯ ಲೆಕ್ಕವೂ ಮೊದಲು ಆ ತುದಿಗೇ ಮುಟ್ಟುತ್ತಿತ್ತು.

ಹನ್ನೆರಡು ವರ್ಷ ಈ ಸಾಹೇಬರು ಗಾಡಿಯಲ್ಲಿ ಆಡಿದ ಮಾತು ಒಂದೇ. "ಈ ಹಾದ್ಯಾಗ ನಮ್ಮ ಆಯುಷ್ಯಾನ ಹೋತ ನೋಡ್ರಿ ಮಾಲಕ್ರ. ಮನ್ಯಾಗ ಕುಂತ ಮಾಡೂ ಕೆಲಸಾ ಇದು. ಒಂದು ಕಂಪ್ಯೂಟರ್ ಇದ್ರ ಸಾಕು. ಆದ್ರ ನಮ್ಮ ಮ್ಯಾಲಿನವ್ರಿಗಿ ಬುದ್ಧಿ ಬೇಕಲ್ರಿ." ಹಿಡಕಲ್ಲಿನ ಫಲಕ ಕಂಡ ಕೂಡಲೇ ಒಬ್ಬರು ಇದನ್ನು ಶುರು ಮಾಡುತ್ತಿದ್ದರು, ಹುಕ್ಕೇರಿ ಬರುವವರೆಗೆ ಉಳಿದವರು ಹೌದ್ಹೌದು ಅನ್ನುತ್ತಿದ್ದರು. ನಾನು ಸ್ಟೇರಿಂಗ್ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಇದು ಬಾಯಿ. ಬೆರಳು ಇನ್ನೂ ನೋಡಿರಲಿಲ್ಲ.

ಒಂದು ಮುಂಜಾನೆಯ ಮಾತು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಹುಕ್ಕೇರಿ ದಾಟಿ ನಾಲ್ಕು ಕಿಲೋಮೀಟರು ಹೋಗಿರಬಹುದು. ಹಿಂದಿನಿಂದ ಆ ಹೆಣ್ಣುಮಗಳು, "ಕಾಕಾ, ಗಾಡಿ ಸ್ವಲ್ಪ ನಿಂದರಸ್ರಿ" ಅಂದಳು. ಕನ್ನಡಿಯಲ್ಲಿ ನೋಡಿದೆ. ಮುಖ ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ಅಧೀಕ್ಷಕರು ತಿರುಗಿಯೂ ನೋಡಲಿಲ್ಲ. ಕೈಗಡಿಯಾರ ನೋಡಿದರು. "ಥಂಬ್ ಒತ್ತೂ ಹೊತ್ತಾತು ಮಾಲಕ್ರ. ಮೊದಲ ಅಲ್ಲಿಗಿ ಮುಟ್ಟಸ್ರಿ, ಆಮ್ಯಾಲ ದವಾಖಾನಿಗಿ ಒಯ್ಯಾಕ ಬರತೈತಿ." ನಾನು ಮುಟ್ಟಿಸಿದೆ. ಒಂಬತ್ತು ಹೆಬ್ಬೆಟ್ಟು ಯಂತ್ರಕ್ಕೆ ಒತ್ತಿದ ಮೇಲೆ ಗಾಡಿ ತಿರುಗಿಸಿ ಆಕೆಯನ್ನು ದವಾಖಾನೆಗೆ ಒಯ್ದೆ. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಹಾಗೆ ಹೋದದ್ದು ಅದು ಎರಡನೆಯದು ಅಂತ ಆಕೆಯ ಗಂಡ ದವಾಖಾನೆಯ ಬಾಗಿಲಲ್ಲಿ ನಿಂತು ಹೇಳಿದಾಗಲೇ ನನಗೆ ತಿಳಿದದ್ದು. ಅಲ್ಲೇ ನಿಂತರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಅಂದರು. ಅನ್ನಲಿ. ನಿಲ್ಲಿಸದೆ ಹೋದವನು ನಾನು. ಅಧೀಕ್ಷಕರ ಮಾತು ಕೇಳಿದ್ದು ನನ್ನ ಕಾಲು.

ಒಂದು ವರ್ಷದ ಮೇಲೆ ಆಕೆಗೆ ಮತ್ತೆ ದಿನ ನಿಂತವು. ಈ ಸಲ ಡಾಕ್ಟರು ಬರೆದೇ ಕೊಟ್ಟರು: ಹೆರಿಗೆಯವರೆಗೆ ಈ ಹಾದಿಯ ಪ್ರಯಾಣ ಬೇಡ. ರಜೆ ಹಾಕಿದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹೆರಿಗೆ ರಜೆ ಆರು ತಿಂಗಳು. ಮೂರನೇ ತಿಂಗಳಿಗೇ ಅದನ್ನು ಸುರು ಮಾಡಿದರೆ ಕೂಸು ಹುಟ್ಟುವ ಹೊತ್ತಿಗೆ ರಜೆ ಮುಗಿಯುತ್ತದೆ. ಬಾಣಂತಿ ಯಾವ ಗಾಡಿ ಹತ್ತಬೇಕು? ಅದಕ್ಕೇ ಆಕೆ ಒಂದು ಅರ್ಜಿ ಬರೆದಳು. ತನ್ನ ಕೆಲಸವೆಲ್ಲ ಕಂಪ್ಯೂಟರಿನಲ್ಲೇ ಇದೆ, ಹೆರಿಗೆಯವರೆಗೆ ಹುಕ್ಕೇರಿಯ ಮನೆಯಲ್ಲಿ ಕೂತು ಮಾಡಲು ಪರವಾನಗಿ ಕೊಡಬೇಕು ಅಂತ.

ಒಬ್ಬರಿಗೆ ಕೊಟ್ಟರೆ ನಾಳೆ ತಕರಾರು ಬರುತ್ತದೆ ಎಂದು ಮೇಲಿನವರು ಹೆದರಿದರು. ಅದಕ್ಕೆ ದೂರದಿಂದ ಓಡಾಡುವ ಎಲ್ಲರಿಗೂ ಮೂರು ತಿಂಗಳು ಪ್ರಯೋಗ ಎಂದು ಆದೇಶ ಹೊರಡಿಸಿದರು. ಮನೆಯಿಂದ ಕೆಲಸ ಮಾಡಿರಿ, ಸರಿ ಹೋದರೆ ಮುಂದುವರಿಸೋಣ. ಫೋನಿನಲ್ಲಿ ಹಾಜರಿಯ ಒಂದು ಆ್ಯಪ್. ಮೊದಲ ದಿನ ನಿಮ್ಮ ಮನೆಯಲ್ಲಿ ನಿಂತು ಜಾಗ ಗುರುತು ಮಾಡಬೇಕು. ಆಮೇಲೆ ದಿನಾ ಮುಂಜಾನೆ ಅದೇ ಜಾಗದಲ್ಲಿ ನಿಂತು ಒಮ್ಮೆ ಒತ್ತಿದರೆ ಹಾಜರಿ ಆಯಿತು.

ಆದೇಶ ಬಂದ ದಿನ ನಾನು ತಿಳಿದದ್ದು, ಇವತ್ತು ಗಾಡಿಯಲ್ಲಿ ಪೇಢೆ ಹಂಚುತ್ತಾರೆ ಅಂತ. ಹನ್ನೆರಡು ವರ್ಷದ ಅಳಲು ತೀರಿತಲ್ಲ. ಆದರೆ ಸಂಜೆ ತಿರುಗಿ ಬರುವಾಗ ಗಾಡಿಯಲ್ಲಿ ಹೆಣದ ಮುಂದೆ ಕೂತವರಂತೆ ಕೂತಿದ್ದರು.

ಹುಕ್ಕೇರಿಯಲ್ಲಿ ಆ ಹೆಣ್ಣುಮಗಳು ಇಳಿದು, "ಬರ್ತೇನ್ರಿ ಎಲ್ಲಾರೂ" ಎಂದು ಹೋದ ಮೇಲೆ ಅಧೀಕ್ಷಕರು ಉಸಿರು ಬಿಟ್ಟರು.

"ಒಬ್ಬಾಕಿ ಹೊಟ್ಟಿ ಸಲುವಾಗಿ ಹತ್ತ ಮಂದಿ ಮನ್ಯಾಗ ಕುಂದರಬೇಕು. ಇದೇನ್ ನ್ಯಾಯಾರಿ?"

ನಾನು ಕೇಳಿದೆ: "ಅಲ್ರಿ ಸಾಹೇಬ್ರ, ಮನ್ಯಾಗ ಕುಂತ ಮಾಡೂ ಕೆಲಸಾ ಅಂತ ನೀವ ಅಂತಿದ್ರಲ್ಲ?"

"ಅನ್ನೂದ ಬ್ಯಾರೇರಿ, ಕುಂದ್ರೂದ ಬ್ಯಾರೆ."

ಇದು ಬೆರಳು.

ಒಂದು ವಾರದಲ್ಲಿ ಎಲ್ಲರ ಬೆರಳೂ ಕಂಡಿತು. ಅಧೀಕ್ಷಕರು ಮೂಡಲಗಿಯ ಮನೆಯ ಪಡಸಾಲೆಯಲ್ಲಿ ಎರಡು ದಿನ ಕೂತರು. ಮೂರನೇ ದಿನ ಓಣಿಯಲ್ಲಿ ಸುದ್ದಿ: ಸಾಹೇಬರು ಸಸ್ಪೆಂಡ್ ಆಗ್ಯಾರ. ಇಸ್ತ್ರಿ ಅಂಗಿ ಹಾಕದ ಗಂಡಸು ಹಗಲು ಹನ್ನೊಂದಕ್ಕೆ ಮನೆಯ ಮುಂದೆ ಕಂಡರೆ ನಮ್ಮ ಕಡೆ ಅದಕ್ಕೆ ಎರಡೇ ಕಾರಣ, ಒಂದು ಸೂತಕ, ಇನ್ನೊಂದು ಸಸ್ಪೆಂಡ್. ಅವರ ಮಗಳಿಗೆ ಗಂಡು ನೋಡುತ್ತಿದ್ದರು. ಬೀಗರಾಗುವವರು ತುಕ್ಕಾನಟ್ಟಿಯ ಯಾರನ್ನೋ ಕಳಿಸಿ, "ಲಂಚದ ಕೇಸ ಏನ್ರಿ?" ಎಂದು ಬಾಜೂ ಮನೆಯಲ್ಲಿ ವಿಚಾರಿಸಿದರಂತೆ. ಪ್ರಾಧ್ಯಾಪಕರದು ಇನ್ನೊಂದು ಗೋಳು. ತರಗತಿಯ ಬಾಗಿಲಿಗೆ ಅವರು ಬಂದರೆ ಅರವತ್ತು ಹುಡುಗರು ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಅವರು ಪರದೆಯ ಮುಂದೆ ಪಾಠ ಹೇಳುವಾಗ ಹಿಂದಿನಿಂದ ಹೆಂಡತಿ, "ಒಬ್ಬರ ಏನ್ ವಟವಟ ಅನ್ನಾಕತ್ತೀರಿ, ಗಿರಣಿಗಿ ಹೋಗಿ ಬರ್ರಿ" ಅಂದದ್ದು ಅರವತ್ತೂ ಹುಡುಗರಿಗೆ ಕೇಳಿತು. ಹುಕ್ಕೇರಿಯ ಲೆಕ್ಕ ವಿಭಾಗದ ಗುಮಾಸ್ತನಿಗೆ ಮಾವನ ಹೊಲದ ನೀರಿನ ಪಾಳಿ ಬಂತು. "ಮನ್ಯಾಗ ಅದೀಯಲ್ಲ, ಹೋಗಿ ನೀರ ತಿರವಿ ಬಾ" ಎಂದು ಮಾವ ಕೈಗೆ ಸಲಿಕೆ ಕೊಟ್ಟನಂತೆ.

ತಿಳಕೊಳ್ಳಿರಿ, ಇವರಿಗೆ ಕೆಲಸದ ಚಿಂತೆ ಇರಲಿಲ್ಲ. ಕೆಲಸ ಎರಡು ತಾಸಿಗೆ ಮುಗಿಯುತ್ತಿತ್ತು. ಉಳಿದ ಆರು ತಾಸು 'ಸಾಹೇಬ್ರ' ಅನ್ನಿಸಿಕೊಳ್ಳದೆ ಕಳೆಯುವುದು ಹೇಗೆ ಅನ್ನುವುದೇ ಕಷ್ಟ. ಮೇಜು, ಗಂಟೆ, ಸಿಪಾಯಿ, ಎದುರು ನಿಂತು ತಲೆ ಕೆರೆಯುವ ಹುಡುಗರು, ಇವಿಷ್ಟು ಕಳೆದರೆ ತಮ್ಮಲ್ಲಿ ಏನು ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಮನೆಯ ಮಂದಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಎರಡನೇ ಸೋಮವಾರ ಮುಂಜಾನೆ ಅಧೀಕ್ಷಕರ ಫೋನು.

"ಮಾಲಕ್ರ, ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತೇನ್ರಿ?"

ಐತಿ ಅಂದೆ. ನನಗೂ ನನ್ನ ಲಾಭ ಕಾಣುತ್ತಿತ್ತು. ಗಾಡಿ ನಿಂತರೆ ನಾನೂ ನಿಂತಂತೆ. ಖೋಲಿ ಕೊಡುತ್ತೇನೆ, ಆದರೆ ಮೂಡಲಗಿ, ಹುಕ್ಕೇರಿಯಿಂದ ನನ್ನ ಗಾಡಿಯಲ್ಲೇ ಬಂದು ಹೋಗಬೇಕು ಎಂದು ಕರಾರು ಹಾಕಿದೆ. ಮರು ಮಾತಿಲ್ಲದೆ ಒಪ್ಪಿದರು. ಆಗ ನನಗೆ ಸಂಶಯ ಬರಬೇಕಿತ್ತು. ಚೌಕಾಸಿ ಮಾಡದೆ ಒಪ್ಪುವವನು ಒಂದೋ ಮೂರ್ಖ, ಇಲ್ಲವೇ ತನ್ನ ಮೈಮೇಲೆ ಬಂದದ್ದನ್ನು ಇನ್ನೊಬ್ಬರ ಮೈಮೇಲೆ ಹಾಕುವವನು. ಇವರು ಎರಡೂ ಆಗಿದ್ದರು.

ಹೀಗೆ ಮನೆಯಿಂದ ಕೆಲಸ ಮಾಡಲು ಒಂಬತ್ತು ಮಂದಿ ದಿನಾ ಟಿಫಿನ್ ಡಬ್ಬಿ ಕಟ್ಟಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮನೆ ಬಿಟ್ಟು ಹೊರಟರು. ಹುಕ್ಕೇರಿಯ ಗುಮಾಸ್ತ ವಿಶ್ವವಿದ್ಯಾಲಯದ ಕಡೆ ಬೆನ್ನು ಮಾಡಿ ಗೋಕಾಕಕ್ಕೆ ಉಲ್ಟಾ ಬರುತ್ತಿದ್ದ. ಎಲ್ಲರೂ ನನ್ನ ಖೋಲಿಯಲ್ಲಿ ನಿಂತು, ಇದೇ ನಮ್ಮ ಮನೆ ಎಂದು ಆ್ಯಪಿನಲ್ಲಿ ಹೊಸದಾಗಿ ಗುರುತು ಮಾಡಿದರು. ಒಬ್ಬೊಬ್ಬರಾಗಿ ಕಿಟಕಿಯ ಬಳಿ ನಿಂತು ಫೋನು ಎತ್ತಿ ಹಿಡಿದದ್ದು ನೋಡಿದರೆ ಚಂದ್ರದರ್ಶನ ಮಾಡುವಂತಿತ್ತು. ಒಂಬತ್ತು ಮಂದಿ ಓದಿದವರು. ಒಂಬತ್ತು ಗುರುತು ಒಂದೇ ಕಡೆ ಬಿದ್ದರೆ ಯಾರಾದರೂ ನೋಡಿಯಾರು ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಮೇಜುಗಳು ಬಂದವು. ಹುದ್ದೆಯ ಪ್ರಕಾರ ಜೋಡಿಸಿದರು. ಕಿಟಕಿಯ ಗಾಳಿ ಅಧೀಕ್ಷಕರಿಗೆ, ಫ್ಯಾನಿನ ಗಾಳಿ ಪ್ರಾಧ್ಯಾಪಕರಿಗೆ. ಮೇಜಿನ ಮೇಲೆ ಒತ್ತುವ ಗಂಟೆಯೂ ಬಂತು. ಸಿಪಾಯಿ ಮಾತ್ರ ಇರಲಿಲ್ಲ. ಅಧೀಕ್ಷಕರು ಗಂಟೆ ಒತ್ತುತ್ತಿದ್ದರು, ಯಾರೂ ಏಳದೆ ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ಗುಮಾಸ್ತ ಎದ್ದು ಚಹಾ ಹೇಳಲು ಕೆಳಗಿಳಿಯುತ್ತಿದ್ದ.

ಮತ್ತೆ ಹಾಜರಿ ಪುಸ್ತಕ. ಆ್ಯಪ್ ಇರುವಾಗ ಪುಸ್ತಕ ಯಾಕೆ ಎಂದು ನಾನು ಕೇಳಿದ್ದಕ್ಕೆ ಅಧೀಕ್ಷಕರು ಸಾಲಿಯ ಮಾಸ್ತರನಂತೆ ನಕ್ಕರು. "ಪುಸ್ತಕಾ ಇಲ್ಲದ ಕಚೇರಿ ಅಂದ್ರ ಲಿಂಗಾ ಇಲ್ಲದ ಗುಡಿ, ಮಾಲಕ್ರ." ಉದ್ದನೆಯ ಪುಸ್ತಕ ತಂದು, ಸ್ಕೇಲು ಹಿಡಿದು ಗೆರೆ ಎಳೆದು, ಹತ್ತು ಹೆಸರು ಬರೆದರು. ಹತ್ತನೆಯದು ಹುಕ್ಕೇರಿಯ ಹೆಣ್ಣುಮಗಳದು.

ಆಕೆಗೂ ಬರಲು ಹೇಳಿದ್ದರು. ಆಕೆ ಫೋನಿನಲ್ಲಿ, "ಸರ್, ನನಗ ಮನೀಂದ ಮಾಡ್ರಿ ಅಂತ ಆದೇಶಾ ಆಗೇತಿ, ಮನೀಂದ ಮಾಡಾಕತ್ತೇನಿ" ಅಂದಳಂತೆ. ಅಷ್ಟೇ ಮಾತು. ಅಧೀಕ್ಷಕರಿಗೆ ಅದು ಮುಖಕ್ಕೆ ಹೊಡೆದಂತಾಯಿತು. ಅಂದಿನಿಂದ ದಿನಾ ಹತ್ತೂಹತ್ತಕ್ಕೆ ಕಿಸೆಯಿಂದ ಕೆಂಪು ಪೆನ್ನು ತೆಗೆದು ಆಕೆಯ ಹೆಸರಿನ ಮುಂದೆ 'ಗೈರು' ಎಂದು ಬರೆದು ಕೆಳಗೆ ಸಹಿ ಹೊಡೆಯುತ್ತಿದ್ದರು. ಹಾಗೆ ಬರೆಯುವಾಗ ಅವರ ಮುಖದಲ್ಲಿ ಒಂದು ತೃಪ್ತಿ ಕಾಣುತ್ತಿತ್ತು. ದಿನದ ಕೆಲಸ ಅಲ್ಲಿಗೆ ಮುಗಿದಂತೆ. ಪುಸ್ತಕಕ್ಕೆ ಬೆಲೆಯಿಲ್ಲ, ಖೋಲಿಗೆ ಅಧಿಕಾರವಿಲ್ಲ, ಬರೆದವರಿಗೆ ಹಕ್ಕಿಲ್ಲ. ಆದರೂ ಒಂದು ದಿನ ಬಿಡಲಿಲ್ಲ.

ಆ ಹೆಣ್ಣುಮಗಳು ಮನೆಯಲ್ಲಿ ಏನು ಮಾಡುತ್ತಿದ್ದಳು ಎಂದು ನಾನು ಒಮ್ಮೆ ಕಣ್ಣಾರೆ ಕಂಡೆ. ಆಕೆಯ ಕಂಪ್ಯೂಟರಿನ ವಯರು ತಲುಪಿಸಲು ಹುಕ್ಕೇರಿಗೆ ಹೋಗಿದ್ದೆ. ಗೋಡೆಗೆ ದಿಂಬು ಒರಗಿಸಿ, ಕಾಲು ಮಣೆಯ ಮೇಲಿಟ್ಟು, ಅಂಕಪಟ್ಟಿ ತಿದ್ದುತ್ತಿದ್ದಳು. ಬಾಗಿಲಿಗೆ ಒಬ್ಬ ಅಜ್ಜಿ ಬಂದು, "ಮನ್ಯಾಗ ಅದೀಯಲ್ಲವಾ, ನಮ್ಮ ಪಿಂಚಣಿ ಕಾಗದಾ ಒಂದೀಟ ಓದ" ಅಂದಳು. "ಆಫೀಸ ನಡದೈತಿ ಆಯಿ, ಐದೂವರಿಗಿ ಬರ್ರಿ" ಎಂದು ತಲೆ ಎತ್ತದೆ ಹೇಳಿದಳು. ಅಜ್ಜಿ ಖೋಲಿಯಲ್ಲಿ ಆಫೀಸು ಎಲ್ಲಿದೆ ಎಂದು ಹುಡುಕಿ ನೋಡಿ ಹೋದಳು. ಆಫೀಸು ಅಲ್ಲೇ ಇತ್ತು. ಗೋಕಾಕದ ನನ್ನ ಖೋಲಿಯಲ್ಲಿ ಇದ್ದದ್ದು ಬರೀ ಮೇಜು.

ಮೂರನೇ ತಿಂಗಳ ಕಡೆಗೆ ಪ್ರಯೋಗದ ಪರಿಶೀಲನೆ ಬಂತು. ಕಂಪ್ಯೂಟರ್ ಎಲ್ಲರ ಮನೆಯನ್ನೂ ನಕಾಶೆಯ ಮೇಲೆ ತೋರಿಸಿತು. ಒಂದು ದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು ನನ್ನ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹೋದೆ. ಒಂಬತ್ತು ಮಂದಿ ಎದ್ದು ನಿಂತರು, ಹುದ್ದೆಯ ಪ್ರಕಾರ.

"ಇದು ಯಾರ ಮನಿರಿ?" ಎಂದು ಅಧಿಕಾರಿ ಕೇಳಿದರು.

ಅಧೀಕ್ಷಕರು ಗಂಟಲು ಸರಿ ಮಾಡಿಕೊಂಡು, "ನಮ್ಮೆಲ್ಲಾರದೂ ಸರ್" ಅಂದರು.

"ಒಂಬತ್ತ ಮಂದಿದೂ? ಅಣ್ಣತಮ್ಮರೇನು?"

ಗುಮಾಸ್ತ ನಕ್ಕುಬಿಟ್ಟ. ಅಧೀಕ್ಷಕರು ಅವನನ್ನು ನೋಡಿದ ರೀತಿಗೆ ಅವನ ನಗು ಕೆಮ್ಮಾಯಿತು.

ಎರಡು ದಿನದಲ್ಲಿ ಪತ್ರ ಬಂತು. ಎಂಟು ದಿನದೊಳಗೆ ವಿವರಣೆ ಕೊಡಬೇಕು. ಅದು ಸರಿ ಇಲ್ಲದಿದ್ದರೆ ಒಂದನೇ ತಾರೀಖಿನಿಂದ ಎಲ್ಲರಿಗೂ ಈ ಸವಲತ್ತು ರದ್ದು ಮಾಡಲಾಗುವುದು. ಎಲ್ಲರಿಗೂ ಅಂದರೆ ಹತ್ತೂ ಮಂದಿಗೆ.

ಅಂದು ಸಂಜೆ ಹುಕ್ಕೇರಿಯಿಂದ ಫೋನು.

"ಕಾಕಾ, ಒಂದನೇ ತಾರೀಖಿಂದ ಮತ್ತ ಬರಬೇಕಾಗತೈತಿ ಅನಸ್ತೈತ್ರಿ. ನನಗ ಮುಂದಿನ ಸೀಟ ಸಿಗತೈತೇನ್ರಿ? ಹಿಂದಿನ ಬೆಂಚ ಬಾಳ ಕುಕ್ಕತೈತಿ."

ಆಗ ಆಕೆಗೆ ಆರು ತುಂಬಿ ಏಳರಲ್ಲಿ ಬಿದ್ದಿತ್ತು. ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಸೀಟು ಕೇಳಿದಳು. ನನ್ನ ಕಿವಿಯಲ್ಲಿ ಹಳೆಯ ಮುಂಜಾನೆಯ 'ಗಾಡಿ ನಿಂದರಸ್ರಿ' ಕೇಳಿಸಿತು. "ನೋಡ್ತೇನವ್ವಾ" ಅಂದೆ.

ಮರುದಿನ ಖೋಲಿಗೆ ಹೋಗಿ ಅಧೀಕ್ಷಕರ ಎದುರು ಕೂತೆ. ಮೊದಲು ಸಣ್ಣದು ಕೇಳಬೇಕು. ಸಣ್ಣದಕ್ಕೆ ಎದುರಿನವನು ಹೇಗೆ ಆಡುತ್ತಾನೆ ಎಂದು ನೋಡಿದರೆ ದೊಡ್ಡದರ ಧಾರಣೆ ತಿಳಿಯುತ್ತದೆ.

"ಸಾಹೇಬ್ರ, ಹೆಣ್ಮಗಳು ತುಂಬಿದ ಬಸರಿ. ಮೂರು ತಿಂಗಳ ಮುಂದಿನ ಸೀಟ ಬಿಟ್ಟಕೊಡ್ರಿ."

"ಹೆಂಗ್ ಆಗತೈತ್ರಿ? ಇವತ್ತ ಆಕಿಗಿ ಬಿಟ್ರ ನಾಳಿ ಎಲ್ಲಾರೂ ಕೇಳ್ತಾರ. ಸೀನಿಯಾರಿಟಿ ಅಂತ ಒಂದ ಇರತೈತಿ."

"ನಿಮ್ಮ ಬ್ಯಾಗ್ ತೊಡಿ ಮ್ಯಾಲ ಇಟಗೊಂಡ್ರ ಆಕಿಗಿ ಜಾಗಾ ಆಗತೈತಲ್ರಿ."

"ಬ್ಯಾಗಿನ್ಯಾಗ ಕಡತಾ ಇರತಾವ ಮಾಲಕ್ರ." ಆ ಬ್ಯಾಗಿನಲ್ಲಿ ರೊಟ್ಟಿ, ಚಟ್ನಿ ಮತ್ತು ಒಂದು ಪಂಚಾಂಗ ಇರುವುದು ಹನ್ನೆರಡು ವರ್ಷದಿಂದ ನನಗೆ ಗೊತ್ತು.

ಆಮೇಲೆ ಅವರು ತಾವು ಬರೆದ ವಿವರಣೆಯನ್ನು ನನಗೆ ಓದಿ ತೋರಿಸಿದರು. ಭಾಷೆಯ ಮೇಲೆ ಅವರಿಗೆ ಬಹಳ ಹೆಮ್ಮೆ. ನಮ್ಮ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದ ಕಾರಣ, ಕೆಲಸಕ್ಕೆ ಧಕ್ಕೆ ಬಾರದಿರಲೆಂಬ ಸದುದ್ದೇಶದಿಂದ, ನಾವು ಹತ್ತೂ ಮಂದಿ ಗೋಕಾಕದಲ್ಲಿ ಒಂದೆಡೆ ಸೇರಿ ಕಾರ್ಯ ನಿರ್ವಹಿಸಿರುತ್ತೇವೆ.

"ಹತ್ತೂ ಮಂದಿ ಎಲ್ಲಿರಿ? ಆಕಿ ಒಂದು ದಿವಸಾನೂ ಬಂದಿಲ್ಲ."

"ಅದಕ್ಕ ಮುಂದ ಒಂದ ಸಾಲ ಹಾಕೇನಿ ಕೇಳ್ರಿ. ಹತ್ತನೆಯವರು ಹುಕ್ಕೇರಿಯಲ್ಲಿ ಹಾಜರಿ ಒತ್ತಿ, ತದನಂತರ ದಿನಂಪ್ರತಿ ನಮ್ಮೊಡನೆ ಬಂದು ಸೇರಿಕೊಳ್ಳುತ್ತಿದ್ದರು." ಕಾಗದದ ಮೇಲಿಂದ ನನ್ನನ್ನು ನೋಡಿದರು. "ಹುಕ್ಕೇರ್ಯಾಗ ಒಬ್ಬಾಕಿ ಮನೀಂದ ಕೆಲಸಾ ಮಾಡ್ಯಾಳ ಅಂದ್ರ, ನಿಮಗ್ಯಾಕ ನೆಟ್‌ವರ್ಕ್ ಸಿಗಲಿಲ್ಲ ಅಂತ ಕೇಳೂದಿಲ್ಲೇನ್ರಿ?"

ನನ್ನ ಮೈ ಉರಿಯಿತು. ಆ ಒಂದು ಸಾಲಿನಿಂದ ಆಕೆಯ ಸವಲತ್ತು ಹೋಗುವುದಷ್ಟೇ ಅಲ್ಲ. ದಿನಾ ಹುಕ್ಕೇರಿಯಿಂದ ಗೋಕಾಕಕ್ಕೆ ಓಡಾಡಿದಾಕೆ ಪ್ರಯಾಣ ಮಾಡಬಾರದು ಎಂಬ ಡಾಕ್ಟರ ಕಾಗದ ತಂದಿದ್ದಾಳೆ ಅಂದರೆ, ಆಕೆ ಸುಳ್ಳಿ. ಕಾಗದವೂ ಸುಳ್ಳು. ಮುಂದೆ ಯಾವ ಅರ್ಜಿಯನ್ನು ಯಾರು ನಂಬುತ್ತಾರೆ? ಒಂಬತ್ತು ಸಹಿಯ ಎದುರು ಒಂದು ಹೆಣ್ಣುಮಗಳ ಮಾತು.

ಬಯ್ಯಬೇಕು ಅನ್ನಿಸಿತು. ಬಯ್ಯಲಿಲ್ಲ. ಸಿಟ್ಟು ತೋರಿಸಿದವನ ದನಕ್ಕೆ ಗಿರಾಕಿ ಬರುವುದಿಲ್ಲ. ಕಣ್ಣು ಮೇಜಿನ ಮೇಲೆ ಓಡಿಸಿದೆ. ಅಲ್ಲಿ ಹಾಜರಿ ಪುಸ್ತಕ ತೆರೆದಿತ್ತು. ಹತ್ತನೇ ಸಾಲಿನಲ್ಲಿ ಆ ಬದಿಯಿಂದ ಈ ಬದಿಯವರೆಗೆ ಕೆಂಪು. ಗೈರು, ಗೈರು, ಗೈರು. ಕೆಳಗೆ ದಿನಾ ಅವರದೇ ಸಹಿ.

"ಸಾಹೇಬ್ರ," ಅಂದೆ, "ಬರದದ್ದ ಬಾಳ ಚೊಲೋ ಐತಿ. ಆದ್ರ ಒಂದ ಕಡಿಮಿ ಬಿತ್ತು."

"ಏನ್ ಕಡಿಮಿ?"

"ನೀವು ಮಂದಿಗತೆ ಮನ್ಯಾಗ ಮಲಕೊಂಡವ್ರಲ್ಲ. ಹತ್ತಕ್ಕ ಹತ್ತು ಅಂದ್ರ ಹಾಜರ್ ಇದ್ರಿ. ಈ ಶಿಸ್ತ ಮ್ಯಾಲಿನವ್ರಿಗಿ ಹೆಂಗ್ ತಿಳೀಬೇಕ್ರಿ? ಸಾಕ್ಷಿ ಬೇಕಲ್ಲ."

ಅವರ ಕಣ್ಣು ಪುಸ್ತಕದ ಮೇಲೆ ಹೋಯಿತು. ಬೆರಳು ಸಿಕ್ಕಿತು ಅಂದುಕೊಂಡೆ.

"ಪುಸ್ತಕಾನ ಲಗತ್ತ ಮಾಡಬೇಕಂತೀರಿ?"

"ಇಂಥಾ ಪುಸ್ತಕಾ ಆ ವಿಶ್ವವಿದ್ಯಾಲಯದಾಗ ಯಾರ ಇಟ್ಟಾರ್ರಿ? ನಾ ಕಲೀದ ಮನಷ್ಯಾ. ಆದ್ರೂ ನೋಡಿದ್ರ ಕೈ ಮುಗೀಬೇಕ ಅನಸ್ತೈತಿ. ಒಂದ ಚುಕ್ಕಿ ಚಿತ್ತಿಲ್ಲ."

ಅಧೀಕ್ಷಕರು ಪುಸ್ತಕವನ್ನು ಕೂಸಿನಂತೆ ಎತ್ತಿಕೊಂಡರು. ಉಳಿದ ಹೊತ್ತೆಲ್ಲ ಪ್ರತಿ ಪುಟಕ್ಕೆ ನಂಬರು ಹಾಕುವುದರಲ್ಲಿ, ಪ್ರತಿ ಪುಟದ ಕೆಳಗೆ 'ಖರೆ ಪ್ರತಿ' ಎಂದು ಬರೆದು ಸಹಿ ಮಾಡುವುದರಲ್ಲಿ ಹೋಯಿತು. ಅವರು ಅಕ್ಷರದ ಚೆಲುವು ನೋಡಿದರು, ಅಕ್ಷರ ಓದಲಿಲ್ಲ. ವಿವರಣೆಗೂ ಪುಸ್ತಕಕ್ಕೂ ಎಲ್ಲರ ಸಹಿ ಹಾಕಿಸಿದರು. ಪ್ರಾಧ್ಯಾಪಕರು ಓದಿದ್ದರೆ ನನ್ನ ಆಟ ಕೆಡುತ್ತಿತ್ತು. ಅವರು ಓದದೆ ಸಹಿ ಮಾಡುವವರು, ಅದರ ಮೇಲೇ ಅವರ ನೌಕರಿ ನಡೆದಿತ್ತು. ಗುಮಾಸ್ತ ಮಾತ್ರ ಸಹಿ ಹಾಕುವಾಗ ಒಂದು ಸಲ ಕೆಂಪು ಸಾಲು ನೋಡಿದ, ಒಂದು ಸಲ ನನ್ನ ಮುಖ ನೋಡಿದ. ಪುಟ ಮುಚ್ಚಿ, "ಚಹಾ ಹೇಳಿ ಬರ್ತೇನ್ರಿ" ಎಂದು ಕೆಳಗಿಳಿದ. ಮೂರು ತಿಂಗಳು ಗಂಟೆಗೆ ಎದ್ದವನು ಅವನು.

ವಿಚಾರಣೆಯ ದಿನ ಒಂಬತ್ತೂ ಮಂದಿಯನ್ನು ನಾನೇ ಒಯ್ದೆ. ಒಳಗೆ ನಡೆದದ್ದನ್ನು ಗುಮಾಸ್ತ ಆಮೇಲೆ ಹೇಳಿದ. ಕುಲಸಚಿವರು ವಿವರಣೆ ಓದಿದರು, ಆಮೇಲೆ ಪುಸ್ತಕ ತಿರುವಿದರು. ಒಂದು ಪುಟ, ಎರಡು ಪುಟ, ಮೂರು. ನಂತರ ಕನ್ನಡಕ ತೆಗೆದು ಅಧೀಕ್ಷಕರನ್ನು ಕೇಳಿದರಂತೆ:

"ಈ ಹೆಣ್ಣುಮಗಳು ದಿನಾ ನಿಮ್ಮ ಜೋಡಿ ಬಂದ ಕುಂತಿದ್ರ, ದಿನಾ ಗೈರು ಯಾಕ ಹಾಕೀರಿ?"

ಅಧೀಕ್ಷಕರು ಬಾಯಿ ತೆರೆದರು. ಅದರಿಂದ ಬಂದದ್ದು ಇಷ್ಟು: "ಶಿಸ್ತು ಸರ್."

ಬರುವಾಗ ಗಾಡಿಯಲ್ಲಿ ಬ್ಯಾಗು ಅಧೀಕ್ಷಕರ ತೊಡೆಯ ಮೇಲಿತ್ತು. ಆಮೇಲೆ ಆದೇಶ ಬಂತು. ಒಂಬತ್ತು ಮಂದಿಗೆ ಒಂದೊಂದು ಎಚ್ಚರಿಕೆಯ ಪತ್ರ, ಒಂದನೇ ತಾರೀಖಿನಿಂದ ಕಚೇರಿಗೆ ಬರಬೇಕು. ಹತ್ತನೆಯವರು ಮನೆಯಿಂದಲೇ ಕೆಲಸ ಮಾಡಿದ್ದು ಲಗತ್ತಿಸಿದ ಪುಸ್ತಕದಿಂದ ಸಾಬೀತಾದ ಕಾರಣ, ಅವರಿಗೆ ಹೆರಿಗೆಯವರೆಗೆ ಮುಂದುವರಿಸಿದೆ.

ಅವರಿಗೆ ನಾಚಿಕೆ ಆಯಿತು ಅಂದುಕೊಂಡಿರಾ? ಒಂದನೇ ತಾರೀಖು ಗಾಡಿ ಹತ್ತಿದವರ ಮುಖ ನೋಡಬೇಕಿತ್ತು. ತವರಿಗೆ ಹೊರಟ ಹೆಣ್ಣುಮಕ್ಕಳ ಹಾಗೆ. ಹಿಡಕಲ್ ಫಲಕ ಬಂತು. "ಈ ಹಾದ್ಯಾಗ ನಮ್ಮ ಆಯುಷ್ಯಾನ ಹೋತ ನೋಡ್ರಿ ಮಾಲಕ್ರ," ಎಂದು ಅಧೀಕ್ಷಕರು ಸುರು ಮಾಡಿದರು. ಹೌದ್ಹೌದು ಎಂದು ಏಳು ಬಾಯಿ. ನಾನು ಒಂದು ಕುಣಿಯನ್ನೂ ತಪ್ಪಿಸಲಿಲ್ಲ ಆ ದಿನ.

ಕೂಸಿನ ತೊಟ್ಟಿಲ ಕಾರ್ಯಕ್ಕೆ ಹುಕ್ಕೇರಿಗೆ ನನ್ನನ್ನು ಕರೆದಿದ್ದರು. ಆ ಸಾಹೇಬರನ್ನೂ ಆಕೆ ಕರೆದಿದ್ದಳು. ಆಕೆಯ ಮನಸ್ಸು ಅಂಥದ್ದು, ನಾನಾಗಿದ್ದರೆ ಕರೆಯುತ್ತಿರಲಿಲ್ಲ. ಒಂಬತ್ತು ಮಂದಿ ಕೂಡಿ ಒಂದು ಬೆಳ್ಳಿಯ ಬಟ್ಟಲು ತಂದಿದ್ದರು. ಅದರ ಡಬ್ಬಿಯ ಮೇಲೆ ಒಂಬತ್ತು ಹೆಸರು, ಹುದ್ದೆಯ ಪ್ರಕಾರ. ಅಧೀಕ್ಷಕರು ತೊಟ್ಟಿಲು ಒಮ್ಮೆ ತೂಗಿ, "ನಮ್ಮ ಪುಸ್ತಕದಿಂದನ ನಿಮಗ ಅನುಕೂಲ ಆತು ನೋಡ್ರಿ" ಎಂದು ಹೇಳಿ, ಊಟ ಮಾಡಿ ಹೋದರು.

ಎಲ್ಲರೂ ಹೋದ ಮೇಲೆ ಆಕೆ ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳು. ಹೆಣ್ಣು ಕೂಸು. ಮುಷ್ಟಿ ಬಿಗಿ ಹಿಡಿದಿತ್ತು, ಬೆರಳು ತೋರಿಸಲು ಒಪ್ಪಲಿಲ್ಲ. ಜಾಣೆ ಆಗುತ್ತಾಳೆ.

"ಕಾಕಾ," ಅಂದಳು ತಾಯಿ, "ಒಟ್ಟ ಎಷ್ಟ ದಿವಸ ಗೈರು ಹಾಕಿದ್ರಂತ್ರಿ ನನಗ?"

"ಒಂದು ದಿವಸಾನೂ ಬಿಟ್ಟಿಲ್ಲವ್ವಾ," ಅಂದೆ. "ಹನ್ನೆರಡು ವರ್ಷದಾಗ ಆ ಮನಷ್ಯಾ ಸರಿಯಾಗಿ ಮಾಡಿದ್ದು ಅದೊಂದ ಕೆಲಸಾ."